ಮೆರೈನ್ ಟ್ಯಾಂಕಿನ ಉಪ್ಪು: ದೊಡ್ಡ ಅಂಕಿ ನೋಡಿ ಡಬ್ಬಿ ತರಬೇಡಿ

ಕಡಲ ಮೀನು, ಹವಳ ಸಾಕುವ ಗಾಜಿನ ತೊಟ್ಟಿಗೆ ಯಾವ ಉಪ್ಪು ತರಬೇಕು? ಮೊದಲು ತೀರ್ಪು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ನಿಮ್ಮ ಟ್ಯಾಂಕಿನ ನೀರಿನ ಆಲ್ಕಲಿನಿಟಿ (ಆಮ್ಲವನ್ನು ತಡೆದುಕೊಳ್ಳುವ ಶಕ್ತಿ) ಎಷ್ಟಿದೆಯೋ ಅದಕ್ಕೆ ಹತ್ತಿರವಿರುವ ಉಪ್ಪು ತಗೊಳ್ಳಿ. ಕಂಪನಿಯ ಸೀಲ್ ಒಡೆಯದ ಡಬ್ಬಿಯನ್ನೇ ತಗೊಳ್ಳಿ. ಕ್ಯಾಲ್ಸಿಯಂ ಜಾಸ್ತಿ, ವಿಟಮಿನ್ ಸೇರಿಸಿದ್ದೇವೆ, ಹವಳಕ್ಕೆ ಬಣ್ಣ ಬರುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುವುದನ್ನೆಲ್ಲ ಆಮೇಲೆ ನೋಡಿದರಾಯಿತು.

ಹನುಮಂತನಗರದಲ್ಲಿ ನನ್ನದೊಂದು ಮೆಡಿಕಲ್ ಸ್ಟೋರ್ ಇದೆ. ಅಂಗಡಿಯ ಮೇಲೆಯೇ ಮನೆ. ನಡುಮನೆಯಲ್ಲಿ 200 ಲೀಟರಿನ ಟ್ಯಾಂಕ್. ಅದರಲ್ಲಿ ಹ್ಯಾಚರಿಯಲ್ಲಿ ಹುಟ್ಟಿದ ಒಂದು ಜೋಡಿ ಕ್ಲೌನ್‌ಫಿಶ್, ಒಂದು ಗೋಬಿ ಮೀನು, ಒಂದು ಕ್ಲೀನರ್ ಸೀಗಡಿ. ಮಿಕ್ಕಿದ್ದೆಲ್ಲ ಮೆದು ಹವಳ: ಮಶ್ರೂಮ್, ಜೋವಾಂಥಿಡ್, ಒಂದು ದೊಡ್ಡ ಲೆದರ್. ಆಲ್ಕಲಿನಿಟಿಯನ್ನು 8 ಡಿಕೆಎಚ್ ಸುತ್ತಮುತ್ತ ಇಟ್ಟುಕೊಂಡಿದ್ದೇನೆ. ಡಿಕೆಎಚ್ ಅಂದರೆ ಅದನ್ನು ಅಳೆಯುವ ಮಾನ. ಬ್ಯಾಚ್ ನಂಬರ್ ನೋಡದೆ ಏನನ್ನೂ ಕೈಗೆತ್ತಿಕೊಳ್ಳದ ಚಟ ಅಂಗಡಿಯಿಂದ ಬಂದದ್ದು. ಉಪ್ಪಿನ ವಿಷಯದಲ್ಲಿ ಆ ಚಟವೇ ಹೆಚ್ಚು ಉಪಯೋಗಕ್ಕೆ ಬಂತು.

ಹೊಸಬರಿಗೆ ಒಂದೆರಡು ಮಾತು. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿನಂಶ ಇರುತ್ತದೆ. ಅದರಲ್ಲಿ ಬಹುಪಾಲು ಸೋಡಿಯಂ ಮತ್ತು ಕ್ಲೋರೈಡ್, ಅಂದರೆ ನಮ್ಮ ಅಡುಗೆ ಉಪ್ಪೇ. ಆದರೆ ಮೆಗ್ನೀಸಿಯಂ 1,280 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಅಷ್ಟು ಭಾಗ) ಹತ್ತಿರ, ಕ್ಯಾಲ್ಸಿಯಂ 410ರಿಂದ 420, ಪೊಟ್ಯಾಸಿಯಂ 390 ಚಿಲ್ಲರೆ, ಜೊತೆಗೆ ಸಲ್ಫೇಟ್, ಒಂದಿಷ್ಟು ಸ್ಟ್ರಾಂಷಿಯಂ, ಬೋರಾನ್, ಬ್ರೋಮೈಡ್ ಕೂಡ ಇರುತ್ತವೆ. ಆಲ್ಕಲಿನಿಟಿ ಸುಮಾರು 7 ಡಿಕೆಎಚ್. ಪಿಎಚ್ 8.1 ಆಸುಪಾಸು. ಸಿಂಥೆಟಿಕ್ ಉಪ್ಪಿನ ಕೆಲಸ ಇಷ್ಟೇ: ಶುದ್ಧ ನೀರಿಗೆ ಹಾಕಿದಾಗ ಈ ಲೆಕ್ಕಕ್ಕೆ ಹತ್ತಿರ ಬರಬೇಕು.

ನಮ್ಮ ಅತ್ತೆಯ ತವರು ಕುಮಟಾ ಕಡೆ. ಮೊದಲ ಸಲ ಉಪ್ಪಿನ ಬಕೆಟ್ ಮನೆಗೆ ಬಂದಾಗ ಬಿಲ್ ನೋಡಿ, "ಅಲ್ದೇ ಮಾರಾಯ್ತಿ, ಸಮುದ್ರದ ಉಪ್ಪೇ ಬೇಕಿದ್ರೆ ಸಾಣಿಕಟ್ಟಾದಿಂದ ಮೂಟೆ ತರಿಸಿಕೊಡ್ತಿದ್ನಲ್ಲೇ" ಎಂದರು. ನ್ಯಾಯವಾದ ಪ್ರಶ್ನೆ. ಗೋಕರ್ಣದ ಹತ್ತಿರದ ಸಾಣಿಕಟ್ಟಾ ಉಪ್ಪಿನ ಆಗರದಲ್ಲಿ ಕಡಲ ನೀರನ್ನೇ ಬಿಸಿಲಿಗೆ ಒಣಗಿಸುತ್ತಾರೆ. ಆದರೆ ನೀರು ಆರುತ್ತಾ ಹೋದ ಹಾಗೆ ಮೊದಲು ಸುಣ್ಣದ ಅಂಶ ಕೆಳಗೆ ಕೂರುತ್ತದೆ, ಆಮೇಲೆ ಜಿಪ್ಸಂ, ಅದಾದ ಮೇಲೆ ಅಡುಗೆ ಉಪ್ಪಿನ ಹರಳು. ಮೆಗ್ನೀಸಿಯಂ ಕೊನೆಯವರೆಗೂ ಆ ಕಹಿ ನೀರಿನಲ್ಲೇ ಉಳಿದು ಹೊರಗೆ ಹೋಗುತ್ತದೆ. ಕೈಗೆ ಸಿಗುವ ಕಲ್ಲುಪ್ಪು ಉಪ್ಪಿನಕಾಯಿಗೆ ಚಿನ್ನ. ಅದನ್ನು ಮತ್ತೆ ನೀರಿಗೆ ಹಾಕಿದರೆ ಕಡಲ ನೀರು ಆಗುವುದಿಲ್ಲ. ಅತ್ತೆಗೆ ಇದನ್ನು ವಿವರಿಸಿದೆ. "ಹಾಗಾದ್ರೆ ಮೀನಿಗೆ ನಮಗಿಂತ ಒಳ್ಳೇ ಉಪ್ಪು" ಎಂದು ಎದ್ದು ಹೋದರು.

ಬ್ರ್ಯಾಂಡುಗಳನ್ನು ಹೋಲಿಸುವ ಮೊದಲು ಅಳತೆ ಸರಿಯಾಗಿರಬೇಕು. ಜನ ಎಡವುವುದು ಇಲ್ಲೇ. ಒಬ್ಬರು "ಈ ಉಪ್ಪಿನಲ್ಲಿ ಕ್ಯಾಲ್ಸಿಯಂ ಕಡಿಮೆ" ಎನ್ನುತ್ತಾರೆ. ನೋಡಿದರೆ ಅವರು ನೀರು ಕಲಸಿದ್ದೇ 33 ಪಿಪಿಟಿಗೆ, ಅಂದರೆ ಸಾವಿರ ಭಾಗಕ್ಕೆ 33 ಭಾಗ ಉಪ್ಪಿನಂಶಕ್ಕೆ. 35ರಲ್ಲಿ 420 ಇರುವ ಕ್ಯಾಲ್ಸಿಯಂ 33ರಲ್ಲಿ 396 ಮಾತ್ರ ಇರುತ್ತದೆ. ಮೆಗ್ನೀಸಿಯಂ 1,280 ಇರಬೇಕಾದದ್ದು 1,207ಕ್ಕೆ ಇಳಿಯುತ್ತದೆ. ಉಪ್ಪಿನ ತಪ್ಪಲ್ಲ, ಅಳತೆಯ ತಪ್ಪು. ಡಬ್ಬಿಯ ಮೇಲಿನ ಅಂಕಿ ಎಷ್ಟು ಪಿಪಿಟಿಗೆ ಕೊಟ್ಟದ್ದು ಅನ್ನುವುದನ್ನೂ ಓದಿ, ಎಲ್ಲ ಕಂಪನಿಯವರೂ ಒಂದೇ ಲೆಕ್ಕದಲ್ಲಿ ಕೊಡುವುದಿಲ್ಲ.

ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರನ್ನು ಬರೀ ಆರ್‌ಒ ನೀರು ಹಾಕಿ ಸೊನ್ನೆಗೆ ಕೂರಿಸಿದರೆ ಸಾಲದು. ನಾವು ಅಳೆಯಬೇಕಾಗಿರುವುದು 35ನ್ನು, ಸೊನ್ನೆಯನ್ನಲ್ಲ. 35 ಪಿಪಿಟಿಯ ಕ್ಯಾಲಿಬ್ರೇಶನ್ ದ್ರವ ಅಂಗಡಿಯಲ್ಲಿ ಸಿಗುತ್ತದೆ. ಸಿಗದಿದ್ದರೆ ಮನೆಯಲ್ಲೇ ಮಾಡಿಕೊಳ್ಳಬಹುದು. 36.5 ಗ್ರಾಂ ಅಡುಗೆ ಪುಡಿ ಉಪ್ಪು, 963.5 ಗ್ರಾಂ ಆರ್‌ಒ ನೀರು, ಎರಡನ್ನೂ ತೂಕದಲ್ಲೇ ಅಳೆದು ಚೆನ್ನಾಗಿ ಕರಗಿಸಿ. ಈ ದ್ರಾವಣ ಬೆಳಕನ್ನು ಬಗ್ಗಿಸುವುದು 35 ಪಿಪಿಟಿಯ ಕಡಲ ನೀರಿನಷ್ಟೇ. ಅತ್ತೆಯ ಡಬ್ಬದ ಉಪ್ಪು ಟ್ಯಾಂಕಿಗಲ್ಲದಿದ್ದರೂ ಇಲ್ಲಿ ಕೆಲಸಕ್ಕೆ ಬಂತು.

ಈಗ ಬ್ರ್ಯಾಂಡುಗಳು.

ಇನ್‌ಸ್ಟಂಟ್ ಓಷನ್ ಎಲ್ಲರಿಗಿಂತ ಹಳಬ. ಅಮೆರಿಕದ್ದು, 1960ರ ದಶಕದಿಂದ ಇದೆ. ಸಾರ್ವಜನಿಕ ಅಕ್ವೇರಿಯಂಗಳೂ ಪ್ರಯೋಗಾಲಯಗಳೂ ಬಳಸುತ್ತಾ ಬಂದಿರುವ ಉಪ್ಪು ಇದು. ಆಲ್ಕಲಿನಿಟಿ ಕಡಲ ನೀರಿಗಿಂತ ಮೇಲೆ. ನೀರು ಪರೀಕ್ಷಿಸುವ ನನ್ನ ಕಿಟ್ಟಿನಲ್ಲಿ 10, 11ರ ಹತ್ತಿರ ಬಂತು. ಕ್ಯಾಲ್ಸಿಯಂ ಸಾಧಾರಣ. ಬರೀ ಮೀನು ಸಾಕುವವರು ಇದರಾಚೆ ಯೋಚನೆಯನ್ನೇ ಮಾಡಬೇಕಾಗಿಲ್ಲ. ಕ್ಲೌನ್‌ಫಿಶ್‌ಗೆ ಆಲ್ಕಲಿನಿಟಿ 8 ಆದರೇನು, 11 ಆದರೇನು. ಅದೇ ಕಂಪನಿಯ ರೀಫ್ ಕ್ರಿಸ್ಟಲ್ಸ್ ಹವಳದವರಿಗೆಂದೇ ಮಾಡಿದ್ದು. ಕ್ಯಾಲ್ಸಿಯಂ, ಆಲ್ಕಲಿನಿಟಿ ಎರಡೂ ಏರಿಸಿದ್ದಾರೆ.

ರೆಡ್ ಸೀ ಕಂಪನಿಯದು ಎರಡು ಬಗೆ, ಇದನ್ನು ಗೊಂದಲ ಮಾಡಿಕೊಳ್ಳಬೇಡಿ. ನೀಲಿ ಬಕೆಟ್ಟಿನದು ಸಾದಾ, ಆಲ್ಕಲಿನಿಟಿ 8 ಡಿಕೆಎಚ್ ಆಸುಪಾಸು. ಕಪ್ಪು ಬಕೆಟ್ಟಿನದು ಕೋರಲ್ ಪ್ರೋ, ಅದರಲ್ಲಿ ಆಲ್ಕಲಿನಿಟಿ 12ರ ಹತ್ತಿರ, ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಮೇಲೆ. ಅಂಗಡಿಯವರು "ಕೋರಲ್ ಇದೆಯಾ ಮೇಡಂ? ಹಾಗಾದ್ರೆ ಕಪ್ಪುದೇ ತಗೊಳ್ಳಿ" ಎಂದು ಕೈಗಿಡುತ್ತಾರೆ. ಹವಳ ಇದ್ದ ಮಾತ್ರಕ್ಕೆ ಕಪ್ಪು ಬಕೆಟ್ ಬೇಕೆಂದೇನೂ ಇಲ್ಲ. ಕಲ್ಲಿನ ಅಸ್ಥಿಪಂಜರ ಕಟ್ಟಿಕೊಳ್ಳುವ ಹವಳ ಬೇಗ ಬೆಳೆಯುವ ಟ್ಯಾಂಕಿಗೆ, ಆಲ್ಕಲಿನಿಟಿಯನ್ನು ಬೇಕೆಂದೇ ಎತ್ತರದಲ್ಲಿ ಇಡುವವರಿಗೆ ಅದು. ನನ್ನ ಮಶ್ರೂಮಿಗೂ ಲೆದರಿಗೂ ಅಷ್ಟು ಕ್ಯಾಲ್ಸಿಯಂ ಕೊಟ್ಟರೂ ಸುಮ್ನೆ ನೀರಿನಲ್ಲೇ ಇರುತ್ತದೆ. ಕಂಪನಿ ಹೇಳಿಕೊಳ್ಳುವ ಪ್ರಕಾರ ಇವರ ಉಪ್ಪಿನ ಮೂಲ ಕೆಂಪು ಸಮುದ್ರದ ನೀರೇ. ಹಾಗಿದ್ದರೆ ಇದನ್ನು ಪೂರ್ತಿ ಸಿಂಥೆಟಿಕ್ ಎನ್ನುವುದೂ ಕಷ್ಟ. ಇರಲಿ.

ಕಲ್ಲು ಹವಳದ ಮಾತು ಬಂದದ್ದಕ್ಕೆ ಒಂದು ವಿಷಯ. ನಮ್ಮ ಕಡಲಿನ ಕಲ್ಲು ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿದೆ. ಅಂದರೆ ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ. ಮುರ್ಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್ ಹೋದಾಗ ನೋಡಿ ಖುಷಿಪಡಿ, ಒಂದು ತುಂಡನ್ನೂ ಮುಟ್ಟಬೇಡಿ. "ಲೋಕಲ್ ಪೀಸ್ ಇದೆ, ಕಡಿಮೆಗೆ ಕೊಡ್ತೀನಿ" ಎನ್ನುವವರಿಂದ ದೂರ ಇರಿ.

ಟ್ರಾಪಿಕ್ ಮರೀನ್ ಜರ್ಮನಿಯದ್ದು. ಅದರಲ್ಲೂ ಪ್ರೋ-ರೀಫ್ ಅನ್ನುವ ಬಗೆ ನನಗೆ ಎಲ್ಲಕ್ಕಿಂತ ಇಷ್ಟ. ಆಲ್ಕಲಿನಿಟಿ ಬೇಕೆಂದೇ ಕಡಿಮೆ ಇಟ್ಟಿದ್ದಾರೆ, 7ರಿಂದ 8. ಕ್ಯಾಲ್ಸಿಯಂ, ಮೆಗ್ನೀಸಿಯಂ ಕಡಲ ನೀರಿಗಿಂತ ತುಸು ಮೇಲೆ. ಮಗ್ಗಿನಲ್ಲಿ ಸುರಿದರೆ ಪುಡಿ ಒಣಗಿದ ಸಣ್ಣ ರವೆಯ ಹಾಗೆ ಜಾರುತ್ತದೆ, ಡ್ರಮ್ಮಿನಲ್ಲಿ ಮೋಡ ಕಟ್ಟಿದ ಹಾಗಾಗಿ ಬೇಗನೆ ತಿಳಿಯಾಗುತ್ತದೆ. ತಳದಲ್ಲಿ ಕೈಯಾಡಿಸಿದರೆ ಏನೂ ಸಿಗುವುದಿಲ್ಲ. ಬೆಲೆ ಮಾತ್ರ ಕೈ ಕಚ್ಚುತ್ತದೆ. ಬೆಂಗಳೂರಿನಲ್ಲಿ ಬೇಕೆಂದಾಗ ಸಿಗುವುದೂ ಇಲ್ಲ.

ಪೋಲೆಂಡಿನ ಅಕ್ವಾಫಾರೆಸ್ಟ್ ರೀಫ್ ಸಾಲ್ಟ್ ಕೂಡ ಇದೇ ಸಾಲಿನದು, ಆಲ್ಕಲಿನಿಟಿ 8ರ ಒಳಗೆ ಹೊರಗೆ. ಚೆನ್ನಾಗಿದೆ. ಅವರದ್ದೇ ಪ್ರೋಬಯೋಟಿಕ್ ಉಪ್ಪೂ ಇದೆ. ಅವರ ಬ್ಯಾಕ್ಟೀರಿಯಾ ಪದ್ಧತಿಯನ್ನು ಪೂರ್ತಿ ಅನುಸರಿಸುವವರಿಗೆ ಅದು, ನಾನು ಅದರ ತಂಟೆಗೆ ಹೋಗಿಲ್ಲ.

ಆಲ್ಕಲಿನಿಟಿಗೆ ಯಾಕೆ ಇಷ್ಟು ಜೋತುಬಿದ್ದಿದ್ದೀರಿ ಎಂದು ಕೇಳಬಹುದು. ಕ್ಯಾಲ್ಸಿಯಂ 400ರಿಂದ 440ಕ್ಕೆ ಹೋದರೆ ಹವಳಕ್ಕೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಆಲ್ಕಲಿನಿಟಿ ಒಂದೇ ದಿನದಲ್ಲಿ ಒಂದೂವರೆ, ಎರಡು ಅಂಕಿ ಏರಿಳಿದರೆ ಬೇಗ ಗೊತ್ತಾಗುತ್ತದೆ. ಲೆಕ್ಕ ಹಾಕಿ ನೋಡೋಣ. ನನ್ನ 200 ಲೀಟರ್ ಟ್ಯಾಂಕ್ 8ರಲ್ಲಿದೆ. 20 ಲೀಟರ್ ತೆಗೆದು 12 ಇರುವ ಹೊಸ ನೀರನ್ನು ಅಷ್ಟೇ ಹಾಕಿದರೆ ಟ್ಯಾಂಕ್ 8.4ಕ್ಕೆ ಹೋಗುತ್ತದೆ. ಏನೂ ಆಗುವುದಿಲ್ಲ. ಅದೇ ನೀರನ್ನು 60 ಲೀಟರ್ ಹಾಕಿದರೆ 9.2. ಒಂದೇ ಮಧ್ಯಾಹ್ನದಲ್ಲಿ 1.2 ಅಂಕಿ ಮೇಲೆ! ವಾರಕ್ಕೆ ಹತ್ತು ಪರ್ಸೆಂಟ್ ನೀರು ಬದಲಾಯಿಸುವವರಿಗೆ ಯಾವ ಉಪ್ಪಾದರೂ ನಡೆಯುತ್ತದೆ. ತಿಂಗಳಿಗೊಮ್ಮೆ ಒಂದೇ ಏಟಿಗೆ ಮೂವತ್ತು ಪರ್ಸೆಂಟ್ ಬದಲಾಯಿಸುವವರು ಮಾತ್ರ ನೋಡಿ ತಗೊಳ್ಳಬೇಕು.

ಇನ್ನೊಂದು ಭ್ರಮೆಯೂ ಈ ಲೆಕ್ಕದಲ್ಲೇ ಒಡೆಯುತ್ತದೆ. ಕಲ್ಲು ಹವಳ ತುಂಬಿದ ಟ್ಯಾಂಕು ದಿನಕ್ಕೆ 1 ಡಿಕೆಎಚ್ ತಿನ್ನುತ್ತದೆ ಅಂದುಕೊಳ್ಳಿ. ವಾರಕ್ಕೆ 7. ಕಪ್ಪು ಬಕೆಟ್ ತಂದು ವಾರಕ್ಕೊಮ್ಮೆ ಹತ್ತು ಪರ್ಸೆಂಟ್ ನೀರು ಬದಲಾಯಿಸಿದರೆ ವಾಪಸ್ ಬರುವುದು ಅರ್ಧ ಅಂಕಿ, ಹೆಚ್ಚೆಂದರೆ ಒಂದು. ಡೋಸಿಂಗ್, ಅಂದರೆ ಕಡಿಮೆಯಾದದ್ದನ್ನು ಬೇರೆಯಾಗಿ ನೀರಿಗೆ ಸೇರಿಸುವುದು, ಮಾಡಲೇಬೇಕು. ಡೋಸಿಂಗ್ ಹೇಗೂ ಮಾಡುತ್ತೀರಿ ಅಂದಮೇಲೆ ಉಪ್ಪಿನಲ್ಲೂ ಜಾಸ್ತಿ ಆಲ್ಕಲಿನಿಟಿ ಇರಲೇಬೇಕು ಅನ್ನುವುದಕ್ಕೆ ಅರ್ಥ ಏನು?

ಆಲ್ಕಲಿನಿಟಿ ಅಳೆಯುವ ಕಿಟ್ಟಿನ ವಿಷಯ. ನಾನು ಬಳಸುವುದು ಸಾಲಿಫರ್ಟ್. ಸಣ್ಣ ಗಾಜಿನ ಸೀಸೆಗೆ 4 ಎಂಎಲ್ ನೀರು, ಅದಕ್ಕೆ ಇಂಡಿಕೇಟರ್ ಹನಿ. ನೀರು ನೀಲಿ ಹಸಿರಾಗುತ್ತದೆ. 1 ಎಂಎಲ್ ಸಿರಿಂಜಿನಲ್ಲಿ ಇನ್ನೊಂದು ದ್ರವ ತುಂಬಿಕೊಂಡು, ಒಂದೊಂದೇ ಹನಿ ಬಿಟ್ಟು ಅಲುಗಾಡಿಸುತ್ತಾ ಹೋಗಬೇಕು. ಹನಿ ಬಿದ್ದ ಜಾಗ ಗುಲಾಬಿ ಆಗಿ ಮತ್ತೆ ಮಾಯ. ಕೊನೆಗೆ ಒಂದು ಹನಿಗೆ ಸೀಸೆ ಪೂರ್ತಿ ಕಿತ್ತಳೆ ಗುಲಾಬಿಗೆ ತಿರುಗಿ ಹಾಗೇ ನಿಲ್ಲುತ್ತದೆ. ಸಿರಿಂಜಿನಲ್ಲಿ ಉಳಿದದ್ದು ನೋಡಿ ಪಟ್ಟಿಯಲ್ಲಿ ಅಂಕಿ ಓದುವುದು. ಟ್ಯೂಬ್‌ಲೈಟ್ ಬೆಳಕಿನಲ್ಲಿ, ಹಿಂದೆ ಬಿಳಿ ಕಾಗದ ಹಿಡಿದು ನೋಡಿ. ಟ್ಯಾಂಕಿನ ನೀಲಿ ಲೈಟಿನ ಕೆಳಗೆ ನೋಡಿದರೆ ಯಾವ ಬಣ್ಣ ಯಾವಾಗ ಬಂತು ಅನ್ನುವುದೇ ತಿಳಿಯುವುದಿಲ್ಲ.

ಈ ಕಿಟ್ಟಿನಿಂದಲೇ ಸಿಕ್ಕಿಬಿದ್ದದ್ದು ಲೂಸ್ ಉಪ್ಪು. ನಗರದ ಒಂದು ಅಕ್ವೇರಿಯಂ ಅಂಗಡಿಯಲ್ಲಿ, ಹೆಸರು ಬೇಡ, ದೊಡ್ಡ ಮೂಟೆ ಒಡೆದು ಐದೈದು ಕಿಲೋ ಪ್ಲಾಸ್ಟಿಕ್ ಕವರಿಗೆ ಹಾಕಿ ಮಾರುತ್ತಾರೆ. ಕವರಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬ್ರ್ಯಾಂಡಿನ ಹೆಸರು. ಬ್ಯಾಚ್ ಇಲ್ಲ, ತಾರೀಕಿಲ್ಲ. ಒಂದೇ ದಿನ ತಂದ ಎರಡು ಕವರು. ಒಂದೇ ತೂಕ, ಒಂದೇ ನೀರು, 35 ಪಿಪಿಟಿ. ಒಂದರಲ್ಲಿ ಆಲ್ಕಲಿನಿಟಿ 7 ಬಂತು, ಇನ್ನೊಂದರಲ್ಲಿ 11ರ ಹತ್ತಿರ! ಕಾರಣ ಸರಳ. ಉಪ್ಪಿನ ಮಿಶ್ರಣದಲ್ಲಿ ಹತ್ತಾರು ರಾಸಾಯನಿಕ ಇರುತ್ತವೆ. ಕೆಲವು ದಪ್ಪ ಹರಳು, ಕೆಲವು ಹಿಟ್ಟು. ಲಾರಿಯಲ್ಲಿ ಕುಲುಕಿ ಬರುವಾಗ ಹಿಟ್ಟು ಕೆಳಗಿಳಿಯುತ್ತದೆ, ಹರಳು ಮೇಲೇಳುತ್ತದೆ. ಮೂಟೆಯ ಮೇಲಿನ ಐದು ಕಿಲೋ ಒಂದು ಉಪ್ಪು, ತಳದ ಐದು ಕಿಲೋ ಇನ್ನೊಂದು ಉಪ್ಪು. ಅಂಗಡಿಯವರನ್ನು ಕೇಳಿದೆ. "ಎಲ್ಲಾ ಸೇಮ್ ಮಾಲೇ ಮೇಡಂ, ನಿಮ್ಮ ಕಿಟ್ಟೇ ಎಕ್ಸ್‌ಪೈರಿ ಆಗಿರ್ಬೇಕು" ಎಂದರು. ಮೆಡಿಕಲ್ ಸ್ಟೋರಿನವಳಿಗೆ ಎಕ್ಸ್‌ಪೈರಿ ಪಾಠ!

ಸೀಲ್ ಇರುವ ಬಕೆಟ್ಟಿಗೂ ಇದು ಅನ್ವಯಿಸುತ್ತದೆ. ತೆರೆಯುವ ಮೊದಲು ನೆಲದ ಮೇಲೆ ಮಲಗಿಸಿ ಆಚೆ ಈಚೆ ನಾಲ್ಕಾರು ಸಲ ಉರುಳಿಸಿ. ನಮ್ಮ ಮನೆಯಲ್ಲಿ ಇದು ಮಗನ ಕೆಲಸ. ಮಹಡಿಯ ಉದ್ದಕ್ಕೂ ಉರುಳಿಸುತ್ತಾನೆ, ಕೆಳಗಡೆ ಗಿರಾಕಿಗಳು ಮೇಲೆ ನೋಡುತ್ತಾರೆ.

ಕಲಸುವಾಗ ಒಂದೇ ನಿಯಮ: ನೀರಿಗೆ ಉಪ್ಪು ಹಾಕಬೇಕು, ಉಪ್ಪಿನ ಮೇಲೆ ನೀರು ಸುರಿಯಬಾರದು. ಸುರಿದರೆ ತಳದಲ್ಲಿ ಎಲ್ಲ ಗಟ್ಟಿಯಾಗಿ ಒಟ್ಟಿಗೆ ಸೇರಿ, ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಒಂದನ್ನೊಂದು ಹಿಡಿದುಕೊಂಡು ಬಿಳಿ ಸುಣ್ಣವಾಗಿ ಕೂರುತ್ತವೆ. ಅದು ಮತ್ತೆ ಕರಗುವುದಿಲ್ಲ. ನನ್ನದು ಬಾಲ್ಕನಿಯಲ್ಲಿರುವ ಆಹಾರ ದರ್ಜೆಯ ನೀಲಿ ಡ್ರಮ್ಮು, ಒಳಗೆ ನೀರು ತಿರುಗಿಸುವ ಸಣ್ಣ ಪಂಪು, ಅಂದರೆ ಒಂದು ಪವರ್‌ಹೆಡ್. ಪವರ್‌ಹೆಡ್ ಓಡುತ್ತಿರುವಾಗ ಮಗ್ಗಿನಲ್ಲಿ ಸ್ವಲ್ಪ ಸ್ವಲ್ಪವೇ ಸುರಿಯುತ್ತೇನೆ. 35ಕ್ಕೆ ಬರಲು ಬ್ರ್ಯಾಂಡ್ ನೋಡಿಕೊಂಡು ಲೀಟರಿಗೆ 36ರಿಂದ 40 ಗ್ರಾಂ ಬೇಕಾಗುತ್ತದೆ. ಕೆಲವು ಉಪ್ಪಿನ ಹರಳಿನೊಳಗೇ ನೀರು ಕೂತಿರುತ್ತದೆ, ಅಂಥದ್ದು ತೂಕದಲ್ಲಿ ಜಾಸ್ತಿ ಬೇಕು. ಕೋರಲ್ ಪ್ರೋ ತರುವವರು ಕಂಪನಿಯ ಸೂಚನೆ ಓದಿ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಕಲಸಬೇಡಿ ಎಂದು ಅವರೇ ಹೇಳುತ್ತಾರೆ. ಆಲ್ಕಲಿನಿಟಿಯೂ ಕ್ಯಾಲ್ಸಿಯಮ್ಮೂ ಅಷ್ಟು ಎತ್ತರದಲ್ಲಿ ಇರುವಾಗ ನೀರನ್ನು ರಾತ್ರಿಯಿಡೀ ತಿರುಗಿಸಿದರೆ, ಅದರಲ್ಲೂ ಹೀಟರ್ ಹಾಕಿಟ್ಟರೆ, ಮತ್ತೆ ಅದೇ ಸುಣ್ಣ. ರಾತ್ರಿ ಕಲಸಿಟ್ಟು ಬೆಳಿಗ್ಗೆ ಬಳಸುವ ನನ್ನಂಥವರಿಗೆ ಕಡಿಮೆ ಆಲ್ಕಲಿನಿಟಿಯ ಉಪ್ಪೇ ವಾಸಿ.

ನೀರಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೋರ್‌ವೆಲ್ ನೀರಿಗೆ ದುಬಾರಿ ಉಪ್ಪು ಹಾಕುವುದು ದುಡ್ಡು ದಂಡ. ಕಾವೇರಿ ನೀರಾದರೂ ಕ್ಲೋರಿನ್ ಇರುತ್ತದೆ. ಆರ್‌ಒ, ಅದರ ಹಿಂದೆ ಉಳಿದ ಲವಣ ಹಿಡಿಯುವ ಡಿಐ ರೆಸಿನ್, ಕರಗಿದ ಅಂಶ ಅಳೆಯುವ ಟಿಡಿಎಸ್ ಮೀಟರಿನಲ್ಲಿ ಸೊನ್ನೆ. ಅಷ್ಟೆ.

ಮಳೆಗಾಲದಲ್ಲಿ ಉಪ್ಪು ಇಡುವುದು ಇನ್ನೊಂದು ತಲೆನೋವು. ಮೆಗ್ನೀಸಿಯಂ ಕ್ಲೋರೈಡ್, ಕ್ಯಾಲ್ಸಿಯಂ ಕ್ಲೋರೈಡ್ ಎರಡೂ ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಮುಚ್ಚಳ ಸಡಿಲ ಬಿಟ್ಟರೆ ಜುಲೈನಲ್ಲಿ ಬಕೆಟ್ ತುಂಬ ಕಲ್ಲು. ಒಡೆದು ಹಾಕಬಹುದಲ್ಲ ಎನ್ನುತ್ತಾರೆ. ಒಡೆಯಬಹುದು, ಆದರೆ ತೇವ ತಗುಲಿದ ಕಡೆ ಬಕೆಟ್ಟಿನೊಳಗೇ ಸುಣ್ಣ ಕಟ್ಟಿರುತ್ತದೆ, ಅಷ್ಟರ ಮಟ್ಟಿಗೆ ಆಲ್ಕಲಿನಿಟಿ ಹೋಯಿತು. ಮಾತ್ರೆ ಡಬ್ಬಿಯ ಸಿಲಿಕಾ ಜೆಲ್ ಪೊಟ್ಟಣ ನಮ್ಮಲ್ಲಿ ಬೇಕಾದಷ್ಟಿವೆ, ಆದರೆ ಇಪ್ಪತ್ತು ಕಿಲೋ ಉಪ್ಪಿಗೆ ಅದು ಯಾವ ಮೂಲೆಗೆ? ರಬ್ಬರ್ ರಿಂಗ್ ಇರುವ ಮುಚ್ಚಳದ ಬಕೆಟ್ಟೇ ಬೇಕು. ಮೂಟೆಯಲ್ಲಿ ಬರುವ ಉಪ್ಪು ಕಿಲೋ ಲೆಕ್ಕದಲ್ಲಿ ಅಗ್ಗ. ತಂದ ದಿನವೇ ಅಂಥ ಬಕೆಟ್ಟಿಗೆ ಸುರಿಯುವವರು ಮಾತ್ರ ಅದನ್ನು ತಗೊಳ್ಳಿ.

ಸುರತ್ಕಲ್ಲಿನ ನನ್ನ ಗೆಳತಿ ಒಬ್ಬಳು ಈ ಗೋಜೇ ಇಲ್ಲದೆ ಕಡಲ ನೀರನ್ನೇ ತರುತ್ತಾಳೆ. ಹೊಟ್ಟೆಕಿಚ್ಚಾಗುತ್ತದೆ. ಆದರೆ ಅವಳಿಗೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪಿನ ಬಕೆಟ್ಟೇ ಗತಿ. ನೇತ್ರಾವತಿ, ಗುರುಪುರ ನದಿಗಳು ತುಂಬಿ ಹರಿದಾಗ ದಡದ ಹತ್ತಿರದ ನೀರು ಕೆಂಪಾಗಿ, ಉಪ್ಪಿನಂಶ ಇಳಿದುಬಿಡುತ್ತದೆ. ಬೇಸಿಗೆಯಲ್ಲಿ ಅಳಿವೆಯಿಂದ ದೂರ ಹೋಗಿ ತಂದು, ಬಟ್ಟೆಯಲ್ಲಿ ಸೋಸಿ, ಕತ್ತಲಲ್ಲಿ ಇಟ್ಟು ಬಳಸುತ್ತಾಳೆ. ಸುಮಾರು 350 ಕಿಲೋಮೀಟರ್ ದೂರದ ಬೆಂಗಳೂರಿಗೆ ಅದು ಆಗುವ ಹೋಗುವ ಮಾತಲ್ಲ.

ನಾನು ಈಗ ತರುತ್ತಿರುವುದು ರೆಡ್ ಸೀಯ ನೀಲಿ ಬಕೆಟ್. ಪ್ರೋ-ರೀಫ್ ಇದಕ್ಕಿಂತ ಒಂದು ಕೈ ಮೇಲು, ಒಪ್ಪುತ್ತೇನೆ. ಆದರೆ ಸ್ಟಾಕ್ ಇಲ್ಲ ಎಂದು ಒಂದು ತಿಂಗಳು ಅದು, ಒಂದು ತಿಂಗಳು ಇದು ಎಂದು ಬದಲಾಯಿಸುತ್ತಾ ಹೋದರೆ ಒಳ್ಳೆಯ ಉಪ್ಪು ತಂದೂ ಉಪಯೋಗವಿಲ್ಲ. ನೀಲಿ ಬಕೆಟ್ ಯಾವಾಗಲೂ ಸಿಗುತ್ತದೆ, ನನ್ನ 8ಕ್ಕೆ ಹೊಂದುತ್ತದೆ. ಹೊಸ ಬಕೆಟ್ ತೆರೆದ ದಿನ ಒಂದು ಲೀಟರ್ ಕಲಸಿ ಆಲ್ಕಲಿನಿಟಿ ನೋಡಿ, ಬ್ಯಾಚ್ ನಂಬರಿನ ಪಕ್ಕ ಮುಚ್ಚಳದ ಮೇಲೆ ಬರೆದಿಡುತ್ತೇನೆ. ಹಿಂದಿನ ಬಕೆಟ್ಟಿಗಿಂತ ತುಂಬಾ ಬೇರೆ ಇದ್ದರೆ ಹಳೆಯದರ ಜೊತೆ ಬೆರೆಸಿ ನಿಧಾನಕ್ಕೆ ಹೊಸದಕ್ಕೆ ಹೋಗುತ್ತೇನೆ.

ಹೊಸ ಮೀನು ಬಂದಾಗ ಕ್ವಾರಂಟೈನ್ ಟ್ಯಾಂಕಿಗೆ ಮಾತ್ರ ಇನ್‌ಸ್ಟಂಟ್ ಓಷನ್. ಅಲ್ಲಿ ತಾಮ್ರದ ಔಷಧಿ ಹಾಕಿ ಆ ನೀರನ್ನು ಹೇಗೂ ಚೆಲ್ಲಬೇಕು, ಅದಕ್ಕೆ ನೀಲಿ ಬಕೆಟ್ ಯಾಕೆ?